ಮಾರಲ್ಲ ಅಂದ ಮೀನಿನಂಗಡಿ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಇಲ್ಲಿ ಸಿಗಲ್ಲ. ಬರೀತೀನಿ ಅಂದಾಗ ಅಂಗಡಿಯ ಭಾಯಿ ಕೈ ಮುಗಿದರು. "ಹೆಸರು ಹಾಕಬ್ಯಾಡ್ರಿ ಅಕ್ಕಾ. ಮಂದಿ ಬಂದು ಸಮುದ್ರದ ಮೀನ ತೋರಸ್ರಿ ಅಂತಾರ. ನನ್ನ ಹತ್ರ ಇರೂದು ಎರಡೇ ಟ್ಯಾಂಕ್." ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಿನ ಗಲ್ಲಿಗಳನ್ನು ಬಲ್ಲವರಿಗೆ ಇಷ್ಟು ಸಾಕು: ಒಂದು ಪಕ್ಕ ಹೊಲಿಗೆ ಮಷಿನ್ ರಿಪೇರಿ, ಎದುರಿಗೆ ಬಳೆ ಅಂಗಡಿ, ನಡುವೆ ಹತ್ತಡಿ ಅಗಲದ ಮೀನಿನಂಗಡಿ. ಮುಂದೆ ಗೋಲ್ಡ್‌ಫಿಶ್, ಗಪ್ಪಿ, ಫೈಟರ್. ಹಿಂದೆ, ನೀಲಿ ಪರದೆಯ ಆಚೆ, ಉಪ್ಪುನೀರು.

ನಾನು ಜೇವರ್ಗಿ ರೋಡ್ ಕಡೆ ಮೆಡಿಕಲ್ ಶಾಪ್ ನಡೆಸುವವಳು. ಮೀನಿನ ಹುಚ್ಚು ನನ್ನದಲ್ಲ, ಮಗನದು. ಲಾಕ್‌ಡೌನ್ ದಿನಗಳಲ್ಲಿ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದ. ಆಗ ಹಾಲ್‌ನಲ್ಲಿ ಕಬ್ಬಿಣದ ಆ್ಯಂಗಲ್ ಹೊಡೆಸಿ, ಮೇಲೆ ಶಹಾಬಾದ್ ಫರಸಿ ಹಾಸಿ, ಟ್ಯಾಂಕ್ ಕೂರಿಸಿದ. ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಲೆಕ್ಕ ಹಾಕಿದರೆ 566 ಲೀಟರ್. ಕಲ್ಲು, ಮರಳು ಕಳೆದು ಸುಮಾರು 450 ಲೀಟರ್ ನೀರು ಹಿಡಿಯುತ್ತದೆ. ಮೂರಿಂಚಿನ ಒಂದು ಸಮುದ್ರದ ಮೀನು ತಂದು ಬಿಟ್ಟ. ಪಿಕಾಸೊ ಟ್ರಿಗರ್. ಬಿಳಿ ಮೈ, ಕಣ್ಣಿನ ಮೇಲೆ ನೀಲಿ ಪಟ್ಟೆ, ತುಟಿಗೆ ಹಳದಿ ಲಿಪ್‌ಸ್ಟಿಕ್ ಬಳಿದ ಹಾಗೆ ಒಂದು ಗೆರೆ. ಹೆಸರು ಪೈಲ್ವಾನ್. ಆಮೇಲೆ ಆಫೀಸಿನವರು ಕರೆದರು, ಮಗ ಹೈದರಾಬಾದಿಗೆ ಹೋದ. ಪೈಲ್ವಾನ್ ನನಗೆ ಉಳಿದ.

ಈಗ ಅವನು ಏಳಿಂಚು. ಅಷ್ಟು ದೊಡ್ಡ ಟ್ಯಾಂಕಿನಲ್ಲಿ ಒಬ್ಬನೇ. ಬೆಳಿಗ್ಗೆ ನಾನು ಚಹಾ ಹಿಡಿದು ಕೂತರೆ ಗಾಜಿಗೆ ಮೂಗು ಒತ್ತಿ ನನ್ನನ್ನೇ ನೋಡುತ್ತಾನೆ. ನನಗೆ ಪಾಪ ಅನ್ನಿಸಿತು. ಜೊತೆಗೆ ಒಂದೆರಡು ಮೀನು ಬಿಡೋಣ ಅಂತ, ಬೇರೆ ಊರಿಗೆ ಹೋದಾಗ ಒಂದು ದೊಡ್ಡ ಅಂಗಡಿಗೆ ಹೋದೆ. ಯಾವ ಊರು, ಯಾವ ಅಂಗಡಿ ಅಂತ ಹೇಳಲ್ಲ. ಏಸಿ, ಗಾಜಿನ ಬಾಗಿಲು, ಯೂನಿಫಾರ್ಮ್ ಹಾಕಿದ ಹುಡುಗರು. ಮನೆಯಲ್ಲಿ ಟ್ರಿಗರ್ ಇದೆ ಅಂತ ಹೇಳಿಯೇ ಕೇಳಿದೆ. "ಏನೂ ಆಗಲ್ಲ ಮೇಡಂ, ಎಲ್ಲಾ ಕೂಡಿ ಇರ್ತವೆ" ಅಂದ ಹುಡುಗ ಎರಡು ಕ್ಲೌನ್‌ಫಿಶ್, ಕೆಂಪು ಪಟ್ಟೆಯ ಒಂದು ಕ್ಲೀನರ್ ಸಿಗಡಿ ಕಟ್ಟಿಕೊಟ್ಟ.

ಸಿಗಡಿ ಐದು ನಿಮಿಷ ಬದುಕಿತು. ಅದು ಚೀಲದಿಂದ ಇಳಿದು ಮರಳು ಮುಟ್ಟುವ ಮೊದಲೇ ಪೈಲ್ವಾನ್ ಬಂದ. ಕಟಕಟ ಅಂತ ಸದ್ದು ಗಾಜಿನ ಈಚೆಗೂ ಕೇಳಿಸಿತು. ಕ್ಲೌನ್‌ಫಿಶ್ ಎರಡಕ್ಕೂ ಮೊದಲ ದಿನ ಏನೂ ಆಗಲಿಲ್ಲ, ನಾನೂ ಖುಷಿಪಟ್ಟೆ. ಎರಡನೇ ಬೆಳಿಗ್ಗೆ ಒಂದಕ್ಕೆ ಬಾಲ ಇರಲಿಲ್ಲ. ಇನ್ನೊಂದು ಇರಲೇ ಇಲ್ಲ. ಅಂಗಡಿಗೆ ಫೋನ್ ಮಾಡಿದರೆ "ನಿಮ್ಮ ನೀರು ಸರಿಯಿಲ್ಲ ಮೇಡಂ" ಅಂದರು.

ಅದಾದ ಮೇಲೆ ನಮ್ಮೂರಿನ ಈ ಗಲ್ಲಿ ಅಂಗಡಿ ಗೊತ್ತಾಗಿದ್ದು. ಹೇಳಿದವರು ನಮ್ಮ ಅಂಗಡಿಗೆ ಬಿಪಿ ಮಾತ್ರೆಗೆ ಬರುವ ಒಬ್ಬ ನಿವೃತ್ತ ಮೇಷ್ಟ್ರು.

ಮೊದಲ ಸಲ ಹೋದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಲಯನ್‌ಫಿಶ್. ಮೈತುಂಬ ಮುಳ್ಳು, ಮುಳ್ಳಿನಲ್ಲಿ ವಿಷ. ಪೈಲ್ವಾನನಿಗೆ ಇವನೇ ಸರಿಯಾದ ಜೋಡಿ ಅನ್ನೋದು ನನ್ನ ಲೆಕ್ಕ. ಭಾಯಿ ಸ್ಟೂಲ್ ಹಾಕಿದರು, ಚಹಾ ತರಿಸಿದರು, ಆಮೇಲೆ "ಕೊಡಂಗಿಲ್ರಿ" ಅಂದರು. ನನಗೆ ಸಿಟ್ಟೇ ಬಂತು. ದುಡ್ಡು ಕೊಡ್ತೀನಲ್ಲ ಭಾಯಿ, ಯಾಕೆ ಅಂದೆ.

"ಅದರ ರೆಕ್ಕಿ ನೋಡೀರೇನು? ಸೀರಿ ಸೆರಗಿದ್ದಂಗ ಜೋತು ಬಿದ್ದಿರ್ತಾವ. ಈಜೂದೂ ಹಂಗೇ, ನಿಧಾನಕ್ಕ. ನಿಮ್ಮ ಟ್ರಿಗರ್ ಹಿಂದಿನಿಂದ ಬಂದು ಸೆರಗಿನ ತುದಿ ಕಡಿತದ. ಮುಳ್ಳಿನ ತನಕ ಹೋಗೂದೇ ಇಲ್ಲ. ವಿಷ ಇದ್ದು ಏನ್ ಮಾಡೂದ್ರಿ?"

ಹಾಗಾದರೆ ಪಫರ್? ಅದೂ ಬೇಡ, ಅದೂ ನಿಧಾನ. ಕ್ಲೌನ್ ಟ್ರಿಗರ್? ಹಿಂದಿನ ಟ್ಯಾಂಕಿನಲ್ಲಿ ಒಂದು ಇತ್ತು. ಕಪ್ಪು ಹೊಟ್ಟೆಯ ಮೇಲೆ ದೊಡ್ಡ ದೊಡ್ಡ ಬಿಳಿ ಚುಕ್ಕೆ, ನೋಡಿದರೆ ಕಣ್ಣು ತೆಗೆಯಲು ಆಗಲ್ಲ. ಅದನ್ನೂ ಕೊಡಲಿಲ್ಲ. ಅದು ಬೆಳೆದರೆ ಅರ್ಧ ಮೀಟರ್ ಆಗುತ್ತದಂತೆ. ಚಿಕ್ಕದಿದ್ದಾಗ ಸಾಧು, ದೊಡ್ಡದಾದಂತೆ ತಲೆ ತಿರುಗುತ್ತದೆ. ಐದಡಿಯಲ್ಲಿ ಎರಡು ಟ್ರಿಗರ್ ಅಂದರೆ ಒಂದೇ ಓಣಿಯಲ್ಲಿ ಇಬ್ಬರು ಪೈಲ್ವಾನರು. ಆವತ್ತು ನಾನು ಖಾಲಿ ಕೈಯಲ್ಲಿ ವಾಪಸ್ ಬಂದೆ. ಚಹಾದ ದುಡ್ಡೂ ತಗೊಳ್ಳಲಿಲ್ಲ.

ಬರುವಾಗ ಒಂದು ಕೆಲಸ ಹಚ್ಚಿದರು. ಟ್ಯಾಂಕಿನ ವಿಡಿಯೋ ಬೇಕು. ಹಗಲು ಒಂದು, ಊಟ ಹಾಕುವಾಗ ಒಂದು, ರಾತ್ರಿ ದೀಪ ಆರಿಸಿದ ಮೇಲೆ ಒಂದು.

ಎರಡನೇ ಸಲ ಹೋದಾಗ ಆ ಮೂರು ವಿಡಿಯೋ ನೋಡುತ್ತಾ ಭಾಯಿ ಕೇಳಿದ ಪ್ರಶ್ನೆಗಳಿಗೇ ಈ ಅಂಗಡಿಗೆ ನನ್ನ ಅರ್ಧ ಮಾರ್ಕ್. ಪೈಲ್ವಾನ್ ಎಲ್ಲಿ ಮಲಗುತ್ತಾನೆ? ಎಡಗಡೆ ಕಲ್ಲಿನ ಕೆಳಗೆ. ಹಾಗಾದರೆ ಹೊಸದಕ್ಕೆ ಬಲಗಡೆ ಮಲಗುವ ಜಾಗ ಬೇಕು, ಎಡಕ್ಕೆ ಹೋಗುವ ಕೆಲಸವೇ ಬೀಳಬಾರದು. ಏನು ತಿನ್ನುತ್ತಾನೆ? ಸಿಪ್ಪೆ ಸಮೇತ ಸಿಗಡಿ, ಬೊಂಡಾಸ್ (ಸ್ಕ್ವಿಡ್). ಹಾಗಾದರೆ ಹೊಸದು ಸೊಪ್ಪು ತಿನ್ನುವಂಥದ್ದು ಆದರೆ ತಾಟಿನ ಜಗಳ ಇಲ್ಲ. ಟ್ಯಾಂಕಿನಲ್ಲಿ ಎಷ್ಟು ದಿನದಿಂದ ಇದ್ದಾನೆ? ನಾಲ್ಕು ವರ್ಷ. ಇದಕ್ಕೆ ಮಾತ್ರ ಭಾಯಿ ತಲೆ ಕೆರೆದುಕೊಂಡರು. ಸಿಟ್ಟಿನ ಮೀನನ್ನು ಯಾವಾಗಲೂ ಕಡೆಗೆ ಬಿಡಬೇಕಂತೆ. ನಮ್ಮ ಮನೆಯಲ್ಲಿ ಅವನೇ ಮೊದಲು ಬಂದು ಇಡೀ ಮನೆ ತನ್ನದು ಅಂದುಕೊಂಡಿದ್ದಾನೆ.

ಸಿಪ್ಪೆ ಸಮೇತ ಸಿಗಡಿ ಕೊಡೋದು ಒಳ್ಳೆಯದು, ಬಿಡಬೇಡಿ ಅಂತಲೂ ಹೇಳಿದರು. ಟ್ರಿಗರ್ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಗಟ್ಟಿ ವಸ್ತು ಕಡಿದು ಸವೆಸದಿದ್ದರೆ ಬಾಯಿ ಮುಚ್ಚಲೂ ಆಗಲ್ಲ. ಟ್ರಿಗರ್ ಅನ್ನೋ ಹೆಸರು ಯಾಕೆ ಅಂತ ಆವತ್ತೇ ಕೇಳಿದೆ. ಭಾಯಿ ಎರಡು ಬೆರಳು ಎತ್ತಿ ತೋರಿಸಿದರು. ಬೆನ್ನ ಮೇಲಿನ ಮೊದಲ ಮುಳ್ಳು ದೊಡ್ಡದು. ಹೆದರಿದಾಗ ಮೀನು ಕಲ್ಲಿನ ಸಂದಿಗೆ ಹೊಕ್ಕು ಅದನ್ನು ನಿಲ್ಲಿಸುತ್ತದೆ. ಹಿಂದಿನ ಸಣ್ಣ ಮುಳ್ಳು ಅದಕ್ಕೆ ಚಿಲಕ. ಸಣ್ಣದನ್ನು ಒತ್ತಿದರೆ ಮಾತ್ರ ದೊಡ್ಡದು ಮಡಚುತ್ತದೆ, ಬಂದೂಕಿನ ಕುದುರೆ ಥರ. ಹಾಗೆ ಸಿಕ್ಕಿಕೊಂಡ ಮೀನನ್ನು ಸಂದಿಯಿಂದ ಎಳೆಯೋದು ಯಾರ ಕೈಯಲ್ಲೂ ಆಗಲ್ಲ. ನಾಲ್ಕು ವರ್ಷ ಸಾಕಿದ್ದೇನೆ, ನನಗೆ ಇದು ಗೊತ್ತಿರಲಿಲ್ಲ.

ಎಲ್ಲ ಕೇಳಿದ ಮೇಲೆ ಭಾಯಿ ಒಂದು ಮಾತು ಅಂದರು. "ಅಕ್ಕಾ, ಸಿಟ್ಟಾಗಬ್ಯಾಡ್ರಿ. ಈ ಮೀನಿಗಿ ಜೋಡಿ ಬ್ಯಾಡಾಗ್ಯದ. ಬೇಕಾಗಿದ್ದು ನಿಮಗ, ಹೌದಿಲ್ರಿ?"

ನಾನು ಉತ್ತರ ಕೊಡಲಿಲ್ಲ. ಚಹಾ ಆರಿತ್ತು, ಕುಡಿದೆ.

ಅವರು ಆರಿಸಿದ್ದು ಫಾಕ್ಸ್‌ಫೇಸ್. ರ‍್ಯಾಬಿಟ್‌ಫಿಶ್ ಜಾತಿಯದು. ಅರಿಶಿನದಂಥ ಹಳದಿ ಮೈ, ಮುಖಕ್ಕೆ ಮಾತ್ರ ಕಪ್ಪು ಬಿಳುಪು. ಬಾಯಿ ಸಣ್ಣದು, ಮೊಲದ ಹಾಗೆ ಸದಾ ಏನೋ ಮೆಲ್ಲುತ್ತಿರುತ್ತದೆ. ತಿನ್ನೋದು ಪಾಚಿ. ಬೆನ್ನಿನ ಮುಳ್ಳಿನಲ್ಲಿ ವಿಷ ಇದೆ, ಲಯನ್‌ಫಿಶ್ ಹಾಗೆ ಜೋತುಬಿದ್ದ ರೆಕ್ಕೆ ಇಲ್ಲ, ಹೆದರಿದರೆ ಬಾಣದ ಹಾಗೆ ಓಡುತ್ತದೆ. ಸೈಲ್‌ಫಿನ್ ಟ್ಯಾಂಗ್ ಅಂತ ಇನ್ನೊಂದು ಸೊಪ್ಪು ತಿನ್ನುವ ಮೀನು ನನಗೆ ಜಾಸ್ತಿ ಇಷ್ಟವಾಗಿತ್ತು. ಅದಕ್ಕೆ ಐದಡಿ ಸಾಲದು ಅಂದರು. ಗಾತ್ರದ ವಿಷಯದಲ್ಲೂ ಹಟ. ಮೂರಿಂಚಿನ ಫಾಕ್ಸ್‌ಫೇಸ್ ಅಗ್ಗಕ್ಕೆ ಸಿಗುತ್ತಿತ್ತು, ಬೇಡ ಅಂದರು. ಪೈಲ್ವಾನನ ಸರಿಸಮ ಇರಬೇಕು, ಆರಿಂಚಿಗೆ ಕಡಿಮೆ ಇದ್ದರೆ ತರಿಸಲ್ಲ.

ತರಿಸಲು ಐದು ವಾರ ಹಿಡಿಯಿತು. "ಎರಡು ವಾರ" ಅಂದಿದ್ದರು. ಇದು ಈ ಅಂಗಡಿಯ ಮೊದಲ ದೋಷ. ಫೋನ್ ಎತ್ತಲ್ಲ. ಮೆಸೇಜ್ ನೋಡಿ ಎರಡು ದಿನ ಬಿಟ್ಟು ದನಿ ರೆಕಾರ್ಡ್ ಮಾಡಿ ಕಳಿಸುತ್ತಾರೆ, ಹಿಂದೆ ಮೋಟಾರ್ ಸದ್ದು. ಮಧ್ಯಾಹ್ನ ಹನ್ನೆರಡರ ಮೊದಲು ಹೋದರೆ ಶಟರ್ ಇಳಿದಿರುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋದರೆ ವಾಪಸ್ ಬರೋದು ನಾಲ್ಕಕ್ಕೆ. ಮಾರ್ಚ್‌ನಿಂದ ಮಳೆ ಬೀಳುವ ತನಕ ಸಮುದ್ರದ ಮೀನು ತರಿಸೋದೇ ಇಲ್ಲ. ಆದರೆ ಈ ಕೊನೆಯದನ್ನು ದೋಷ ಅನ್ನಲಾರೆ. ನಮ್ಮೂರ ಬಿಸಿಲು ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುತ್ತದೆ. ಈ ಮೀನುಗಳಿಗೆ ಬೇಕಾಗಿದ್ದು 25, 26 ಡಿಗ್ರಿ. ಬಸ್ಸಿನ ಮೇಲೆ ಥರ್ಮಾಕೋಲ್ ಡಬ್ಬಿಯಲ್ಲಿ ಬಂದ ಮೀನು ಏನಾದೀತು?

ಮೀನು ಬಂದ ಮೇಲೂ ನನಗೆ ಕೈಗೆ ಕೊಡಲಿಲ್ಲ. ಪರದೆ ಹಿಂದೆ ಒಂದು ಬೋಳು ಟ್ಯಾಂಕ್ ಇದೆ. ಮರಳಿಲ್ಲ, ಕಲ್ಲಿಲ್ಲ, ಎರಡು ಪಿವಿಸಿ ತುಂಡು ಅಷ್ಟೇ. ಅಲ್ಲಿ ಮೂರು ವಾರ ತಾಮ್ರದ ಔಷಧಿ ಹಾಕಿ ಇಟ್ಟುಕೊಂಡರು. ಸಮುದ್ರದ ಮೀನಿಗೆ ಬರುವ ಬಿಳಿ ಚುಕ್ಕೆ ರೋಗ ಒಂದು ಸಲ ಮನೆಯ ಟ್ಯಾಂಕಿಗೆ ಹೊಕ್ಕರೆ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ. ಔಷಧಿ ವ್ಯಾಪಾರ ನನ್ನದು, ಡೋಸ್ ಹೇಗೆ ಲೆಕ್ಕ ಹಾಕುತ್ತೀರಿ ಅಂತ ಕೆದಕಿ ಕೇಳಿದೆ. ಟೆಸ್ಟ್ ಕಿಟ್ ತೆಗೆದು, ಬಣ್ಣದ ಚೀಟಿ ಹಿಡಿದು, ದಿನಾ ಬರೆದಿಟ್ಟ ನೋಟ್‌ಬುಕ್ ತೋರಿಸಿದರು. ಅಕ್ಷರ ಕೋಳಿ ಕಾಲು, ಲೆಕ್ಕ ಸರಿಯಿತ್ತು. ಕೊನೆಗೆ ನನ್ನ ಮುಂದೆ ನೋರಿ, ಅಂದರೆ ಒಣಗಿಸಿದ ಸಮುದ್ರದ ಪಾಚಿಯ ಹಾಳೆಯ ತುಂಡು ಹಾಕಿ, ಫಾಕ್ಸ್‌ಫೇಸ್ ಅದನ್ನು ಹರಿದು ತಿಂದ ಮೇಲೆಯೇ ದುಡ್ಡು ತಗೊಂಡರು. 3,200 ರೂಪಾಯಿ. ಅಗ್ಗ ಅಲ್ಲ. ಏಸಿ ಅಂಗಡಿಯವರು ಇದಕ್ಕಿಂತ ಕಡಿಮೆ ಹೇಳಿದ್ದರು.

ಜೊತೆಗೆ ಒಂದು ಡಬ್ಬಿ ಕೊಟ್ಟರು. ಇದೇ ಈ ಅಂಗಡಿಯ ನಿಜವಾದ ಮಾಲು ಅಂತ ನನ್ನ ಅಭಿಪ್ರಾಯ. ಒಂದೂವರೆ ಅಡಿ ಉದ್ದದ ಪಾರದರ್ಶಕ ಆ್ಯಕ್ರಿಲಿಕ್ ಡಬ್ಬಿ, ನಾಲ್ಕೂ ಕಡೆ ತೂತು. ಟ್ಯಾಂಕಿನ ಅಂಚಿಗೆ ಒಳಗಡೆ ನೇತು ಹಾಕೋದು. ಹೊಸ ಮೀನು ಅದರೊಳಗೆ, ಹಳೆಯ ಮೀನು ಹೊರಗೆ. ನೀರು ಒಂದೇ, ನೋಡಬಹುದು, ಕಡಿಯೋಕೆ ಆಗಲ್ಲ. ಬಾಡಿಗೆ ಇಲ್ಲ, 500 ರೂಪಾಯಿ ಡಿಪಾಸಿಟ್, ವಾಪಸ್ ಕೊಟ್ಟಾಗ ವಾಪಸ್. ನಮ್ಮ ಮನೆಯವರು ಅದಕ್ಕೆ ಸೆಂಟ್ರಲ್ ಜೈಲ್ ಅಂತ ಹೆಸರಿಟ್ಟರು.

ಮನೆಗೆ ತಂದ ಮೇಲೆ ನೀರಿಗೆ ಹೊಂದಿಸುವ ಕೆಲಸ. ಇಲ್ಲಿ ಮಾತ್ರ ನಾನು ಭಾಯಿಗೆ ಒಂದು ಪಾಠ ಹೇಳಿಕೊಟ್ಟೆ. ಅವರು ಏರ್ ಪೈಪಿಗೆ ಗಂಟು ಹಾಕಿ ಹನಿ ಬಿಡುತ್ತಿದ್ದರು. ನಾನು ಅಂಗಡಿಯಿಂದ ಸಲೈನ್ ಸೆಟ್ ತಂದೆ. ಅದರ ಚಕ್ರ ತಿರುಗಿಸಿದರೆ ಸೆಕೆಂಡಿಗೆ ಎಷ್ಟು ಹನಿ ಬೇಕೋ ಅಷ್ಟು. ಬಕೆಟ್‌ನಲ್ಲಿ ಮೀನು, ಮೇಲಿಂದ ಟ್ಯಾಂಕಿನ ನೀರು ತೊಟ್ಟು ತೊಟ್ಟು. ಮುಕ್ಕಾಲು ಗಂಟೆ. ರೋಗಿಗೆ ಡ್ರಿಪ್ ಹಚ್ಚಿದ ಹಾಗೇ ಇತ್ತು. ಈಗ ಭಾಯಿ ಗಿರಾಕಿಗಳನ್ನು ಸಲೈನ್ ಸೆಟ್ಟಿಗೆ ನನ್ನ ಅಂಗಡಿಗೆ ಕಳಿಸುತ್ತಾರೆ. ಈ ವಿಮರ್ಶೆಯಲ್ಲಿ ನನ್ನ ಸ್ವಾರ್ಥ ಅಷ್ಟು ಇದೆ, ಮುಚ್ಚಿಡಲ್ಲ.

ಡಬ್ಬಿ ಇಳಿಸುವ ಮೊದಲು ಕಲ್ಲು ಎಲ್ಲ ಕಿತ್ತು ಬೇರೆ ಥರ ಜೋಡಿಸಬೇಕು ಅಂದಿದ್ದರು. ಊರಿನ ನಕ್ಷೆ ಬದಲಾದರೆ ಗೌಡಕಿ ಸಡಿಲಾಗುತ್ತದಂತೆ. ನಾನು ಉಳಿದ ಶಹಾಬಾದ್ ಫರಸಿ ತುಂಡಿನಿಂದ ಗುಹೆ ಮಾಡುವ ಪ್ಲಾನ್ ಹಾಕಿದ್ದೆ. ಬೇಡವೇ ಬೇಡ ಅಂದರು. ಚಪ್ಪಟೆ ಕಲ್ಲು ಮರಳಿನ ಮೇಲೆ ಜಾರುತ್ತದೆ, ಟ್ರಿಗರ್ ಬೇರೆ ಮರಳು ಊದಿ ಬುಡ ಸಡಿಲ ಮಾಡುತ್ತದೆ, ಬಿದ್ದರೆ ಗಾಜು ಹೋಯಿತು. ಸರಿ, ಇದ್ದ ಕಲ್ಲನ್ನೇ ಟ್ಯಾಂಕಿನ ತಳಕ್ಕೆ ನೇರವಾಗಿ ಕೂರಿಸಿ, ಸುತ್ತ ಮರಳು ಹಾಕಿದೆ. ಈ ಕೆಲಸದಲ್ಲಿ ಪೈಲ್ವಾನ್ ನನ್ನ ರಬ್ಬರ್ ಗ್ಲೌಸಿನ ಬೆರಳ ತುದಿ ಹರಿದುಕೊಂಡು ಹೋದ. ಅದನ್ನು ಉಗುಳಿಸಲು ಹತ್ತು ನಿಮಿಷ ಬೇಕಾಯಿತು.

ಮೊದಲ ಎರಡು ದಿನ ಡಬ್ಬಿಗೆ ಢಿಕ್ಕಿಯೋ ಢಿಕ್ಕಿ. ಗುರ್ ಗುರ್ ಅಂತ ಸದ್ದು ಬೇರೆ, ಟ್ರಿಗರ್ ಸಿಟ್ಟಿಗೆ ಹಾಗೆ ಮಾಡುತ್ತವೆ. ಫಾಕ್ಸ್‌ಫೇಸ್ ಒಳಗೆ ಮೂಲೆ ಹಿಡಿದಿತ್ತು. ಮೊದಲ ರಾತ್ರಿ ಎದ್ದು ನೋಡಿದೆ, ಎದೆ ಧಸಕ್ಕೆಂದಿತು. ಹಳದಿ ಬಣ್ಣವೇ ಇಲ್ಲ! ಮೈತುಂಬ ಕಂದು ಕಲೆ, ಕೊಳೆತ ಬಾಳೆಹಣ್ಣಿನ ಸಿಪ್ಪೆ ಹಾಗೆ. ಸತ್ತಿತು ಅಂದುಕೊಂಡು ರಾತ್ರಿ ಹನ್ನೊಂದೂವರೆಗೆ ಭಾಯಿಗೆ ಏಳು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಬೆಳಿಗ್ಗೆ ದೀಪ ಹಾಕಿದ ಅರ್ಧ ಗಂಟೆಗೆ ಮೀನು ಮತ್ತೆ ಅರಿಶಿನ. ಆಮೇಲೆ ನಗುತ್ತಲೇ ಬಂತು ರೆಕಾರ್ಡಿಂಗ್: "ಮಲಗುವಾಗ ನೈಟಿ ಹಾಕೊಂತದ ಅಕ್ಕಾ ಅದು." ರಾತ್ರಿಯೂ ಹೆದರಿದಾಗಲೂ ಈ ಮೀನು ಬಣ್ಣ ಬದಲಿಸುತ್ತದೆ. ಇದನ್ನು ಮಾರುವಾಗಲೇ ಹೇಳಬೇಕಿತ್ತು. ಇದಕ್ಕೂ ಒಂದು ಮಾರ್ಕ್ ಕಟ್.

ಆರನೇ ದಿನ ಪೈಲ್ವಾನ್ ಡಬ್ಬಿಯನ್ನು ನೋಡೋದೇ ಬಿಟ್ಟ. ಏಳನೇ ದಿನವೂ ನೋಡಲಿಲ್ಲ. ಎಂಟನೇ ಸಂಜೆ ಹೊಟ್ಟೆತುಂಬ ಸಿಗಡಿ ತಿನ್ನಿಸಿ, ದೀಪ ಆರಿಸಿ, ಟ್ಯಾಂಕಿನ ಎಡತುದಿಗೆ ಹೊರಗಿನಿಂದ ನಮ್ಮ ಮನೆಯವರ ಶೇವಿಂಗ್ ಕನ್ನಡಿ ಹಚ್ಚಿ, ಅದರ ಮೇಲೆ ಮಾತ್ರ ಸಣ್ಣ ಟಾರ್ಚ್ ಬಿಟ್ಟೆವು. ಪೈಲ್ವಾನ್ ಕನ್ನಡಿಯಲ್ಲಿದ್ದ ಪೈಲ್ವಾನನ ಜೊತೆ ಜಗಳಕ್ಕೆ ನಿಂತ. ಅಷ್ಟರಲ್ಲಿ ಬಲಗಡೆ ಡಬ್ಬಿಯ ಬಾಗಿಲು ತೆಗೆದೆ. ಫಾಕ್ಸ್‌ಫೇಸ್ ಸುಮ್ನೆ ಹೊರಬಂದು ಕಲ್ಲಿನ ಹಿಂದೆ ಹೋಯಿತು.

ಮಾರನೇ ಮಧ್ಯಾಹ್ನ ಅಟ್ಟಿಸಿಕೊಂಡು ಹೋಗಿ ಬಾಲದ ತುದಿ ಕಡಿದ. ನಾನು ಅಳುವುದೊಂದು ಬಾಕಿ. ಅವತ್ತು ಭಾಯಿ ಫೋನ್ ಎತ್ತಿದರು, ಹೇಗೋ.

"ಇವ್ನನ್ನೇ ಜೈಲಿಗಿ ಹಾಕ್ರಿ. ಬಲೆಯಿಂದ ಹಿಡಿಬ್ಯಾಡ್ರಿ ಮತ್ತ, ಮುಳ್ಳು ಬಲ್ಯಾಗ ಸಿಗತದ. ಡಬ್ಬಿಯಿಂದ ಹಿಡೀರಿ."

ಅಕ್ಕಿ ಡಬ್ಬಿಯೊಳಗೆ ಸಿಗಡಿ ಇಟ್ಟು ಹಿಡಿದೆ. ತಿಂಡಿಪೋತ, ಎರಡು ನಿಮಿಷಕ್ಕೆ ಒಳಗೆ ಬಂದ. ನಾಲ್ಕು ದಿನ ಪೈಲ್ವಾನ್ ಡಬ್ಬಿಯಲ್ಲಿ, ಫಾಕ್ಸ್‌ಫೇಸ್ ಊರೆಲ್ಲ ಸುತ್ತಾಡಿಕೊಂಡು. ಬಿಟ್ಟ ಮೇಲೆ ಪೈಲ್ವಾನ್ ಸ್ವಲ್ಪ ತಬ್ಬಿಬ್ಬಾದ. ಎರಡು ಮೂರು ಸಲ ನುಗ್ಗಿ ಹೋದ, ಫಾಕ್ಸ್‌ಫೇಸ್ ತಲೆ ಕೆಳಗೆ ಮಾಡಿ ಬೆನ್ನಿನ ಮುಳ್ಳು ನಿಲ್ಲಿಸಿ ತೋರಿಸಿತು. ಮುಗಿಯಿತು ಅಲ್ಲಿಗೆ. ಬಾಲದ ತುದಿ ಮೂರು ವಾರದಲ್ಲಿ ಮತ್ತೆ ಬೆಳೆಯಿತು.

ಆ ಮುಳ್ಳಿನ ಬಗ್ಗೆ ಮೆಡಿಕಲ್ ಶಾಪಿನವಳಾಗಿ ಒಂದು ಮಾತು. ಟ್ಯಾಂಕಿಗೆ ಕೈ ಹಾಕುವಾಗ ಚುಚ್ಚಿದರೆ ಉರಿ ಸಿಕ್ಕಾಪಟ್ಟೆ. ತಡೆಯುವಷ್ಟು ಬಿಸಿ ನೀರಿನಲ್ಲಿ, ಅಂದರೆ 45 ಡಿಗ್ರಿ ಮೀರದ ನೀರಿನಲ್ಲಿ, ಅರ್ಧ ಗಂಟೆಗೂ ಜಾಸ್ತಿ ಕೈ ಮುಳುಗಿಸಿ ಇಡಬೇಕು. ಈ ವಿಷ ಬಿಸಿಗೆ ಕೆಡುತ್ತದೆ. ಆಮೇಲೆ ಡಾಕ್ಟರ್ ಹತ್ತಿರ ಹೋಗಿ. ಅರಿಶಿನ ಹಚ್ಚಿ ಮನೆಯಲ್ಲೇ ಕೂರಬೇಡಿ. ಇದನ್ನು ಭಾಯಿ ಮಾರುವ ದಿನ ತಾವೇ ಹೇಳಿದರು.

ಎರಡನೇ ಜೋಡಿ ಹಾವುಮೀನು. ಸ್ನೋಫ್ಲೇಕ್ ಈಲ್ ಅಂತಾರೆ. ಬಿಳಿ ಮೈಗೆ ಕಪ್ಪು ಚಿತ್ತಾರ, ನಡುನಡುವೆ ಹಳದಿ ಚುಕ್ಕೆ. ಇದನ್ನು ಕೇಳಿದ್ದಕ್ಕೆ ಭಾಯಿ ಇಲ್ಲ ಅನ್ನಲಿಲ್ಲ, "ಮೊದಲ ಮುಚ್ಚಳ" ಅಂದರು. ಹಾವುಮೀನು ತೂತು ಹುಡುಕಿ ಹೊರಗೆ ಬೀಳುವುದರಲ್ಲಿ ಉಸ್ತಾದ್. ಕಿಟಕಿ ಮಾಡುವ ಅಲ್ಯೂಮಿನಿಯಂ ಅಂಗಡಿಯಲ್ಲಿ ಜಾಲರಿ ಹಾಕಿದ ಫ್ರೇಮ್ ಮಾಡಿಸಿದೆ, ನಾಲ್ಕೂ ಕಡೆ ಕ್ಲಿಪ್. ಅದರ ಫೋಟೋ ನೋಡಿ, ಪೈಪ್ ಹೊರಗೆ ಬರುವ ಸಂದಿ ತೋರಿಸಿ, ಅಲ್ಲಿ ಸ್ಪಂಜು ತುರುಕಿ ಅಂದರು. ತುರುಕಿ ಮತ್ತೆ ಫೋಟೋ ಕಳಿಸಿದೆ. ಆಮೇಲೆ ಮೀನು ಕೊಟ್ಟರು. ಗಾಡಿಗೆ ಹೆಲ್ಮೆಟ್ ಇದೆಯಾ ಅಂತ ಕೇಳಿ ಪೆಟ್ರೋಲ್ ಹಾಕಿದ ಹಾಗೆ.

ಇದು ಯಾಕೆ ಹೊಂದುತ್ತದೆ ಅಂದರೆ, ಆಕಾರವೇ ಬೇರೆ. ಪೈಲ್ವಾನನಿಗೆ ಇದು ಮೀನು ಅಂತ ಅನ್ನಿಸಿದ ಹಾಗೇ ಕಾಣಲಿಲ್ಲ. ಹಗಲೆಲ್ಲ ಎರಡಿಂಚಿನ ಪಿವಿಸಿ ಪೈಪಿನೊಳಗೆ, ತಲೆ ಮಾತ್ರ ಹೊರಗೆ. ಪೈಲ್ವಾನ್ ಓಡಾಡುವುದು ಹಗಲು, ಇದು ರಾತ್ರಿ. ಕಣ್ಣು ಮಂದ, ಮೂಗು ಚುರುಕು. ಉದ್ದನೆಯ ಚಿಮಟದಲ್ಲಿ ಸಿಗಡಿ ಹಿಡಿದು ಮೂಗಿನ ಮುಂದೆ ತೋರಿಸಬೇಕು, ಇಲ್ಲದಿದ್ದರೆ ಪೈಲ್ವಾನ್ ಕಸಿದುಕೊಳ್ಳುತ್ತಾನೆ. ಊಟದ ಗಲಾಟೆ ಈಗಲೂ ಇದೆ. ಬಾಲ ಹೊರಗೆ ಬಿಟ್ಟರೆ ಪೈಲ್ವಾನ್ ಒಂದು ಸಲ ಮೂಸುತ್ತಾನೆ. ನಮ್ಮ ಅತ್ತೆ ಬೀದರ್‌ನಿಂದ ಬಂದವರು ಅದನ್ನು ನೋಡಿ "ದುಡ್ಡು ಕೊಟ್ಟು ಮನ್ಯಾಗ ಹಾವು ತಂದೀಯೇನವ್ವಾ" ಅಂತ ನಾಗಪಂಚಮಿಯ ತನಕ ಹಾಲ್‌ಗೆ ಬರಲಿಲ್ಲ.

ಇನ್ನು ಹವಳದ ಮಾತು. ಬೇರೆ ಕಡೆ "ಲೈವ್ ಕೋರಲ್ ಇದೆ ಮೇಡಂ" ಅಂತ ಪಿಸುಗುಟ್ಟಿದ್ದರು. ಇಲ್ಲಿ ಕೇಳಿದ್ದಕ್ಕೆ ಭಾಯಿ ನೇರ ಹೇಳಿದರು: 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳ ಹುಲಿಯ ಜೊತೆ ಮೊದಲ ಪಟ್ಟಿಯಲ್ಲಿದೆ, 2001ರಲ್ಲಿ ಸೇರಿಸಿದ್ದು. ಸಮುದ್ರದಿಂದ ಕಿತ್ತು ತಂದು ಮಾರುವುದು ಅಪರಾಧ. ಸಮುದ್ರಕುದುರೆಯೂ ಹಾಗೇ. ಟ್ರಿಗರ್ ಇರುವ ಮನೆಗೆ ಹವಳ ತಂದರೆ ಅದು ಬೇರೆ ಕಚ್ಚಿ ಹಾಕುತ್ತದೆ ಅಂತಲೂ ಸೇರಿಸಿದರು.

ಬೇಜಾರಿನ ವಿಷಯಕ್ಕೆ ಬರ್ತೀನಿ. ಇಷ್ಟೆಲ್ಲ ಬಲ್ಲ ಮನುಷ್ಯ ಅಂಗಡಿಯ ಮುಂದೆ ಗೋಲ್ಡ್‌ಫಿಶ್ ಅನ್ನು ಒಂದು ಚೊಂಬಿನಷ್ಟು ನೀರು ಹಿಡಿಯುವ ಬೌಲ್‌ನಲ್ಲಿ ಹಾಕಿ ಮಕ್ಕಳಿಗೆ ಮಾರುತ್ತಾರೆ. ಒಂದು ದಿನ ಕೇಳಿಯೇ ಬಿಟ್ಟೆ. ಪರದೆ ಹಿಂದೆ ಮೂರು ವಾರ ಕಾಯುವವರು ಪರದೆ ಮುಂದೆ ಮೂರು ನಿಮಿಷದಲ್ಲಿ ಕಟ್ಟಿಕೊಡ್ತೀರಲ್ಲ ಭಾಯಿ? ಅವರು ನೆಲ ನೋಡಿದರು. "ಅಂಗಡಿ ಬಾಡಿಗಿ ಅದೇ ಕೊಡ್ತದ್ರಿ ಅಕ್ಕಾ. ನಿಮ್ಮ ಟ್ರಿಗರ್ ಕೊಡಂಗಿಲ್ಲ." ನಿಜವೇ ಇರಬಹುದು. ಆದರೂ ಹೋದಾಗಲೆಲ್ಲ ಆ ಬೌಲುಗಳನ್ನು ನೋಡದೆ ಒಳಗೆ ಹೋಗ್ತೀನಿ.

ಬಿಲ್ ಕೊಡಲ್ಲ, ಅದೂ ಬರೆದಿಡಿ. ಮೋಟಾರ್, ಲೈಟ್‌ಗೆ ಕೊಡುತ್ತಾರೆ, ಮೀನಿಗೆ ಬಿಳಿ ಚೀಟಿಯಲ್ಲಿ ಪೆನ್ನಿನಲ್ಲಿ ಬರೆದದ್ದು. ಮೀನು ಮೂರು ದಿನದೊಳಗೆ ಸತ್ತರೆ ಅರ್ಧ ದುಡ್ಡು ವಾಪಸ್ ಅಂತ ಬಾಯಿಮಾತು. ನನಗೆ ಪರೀಕ್ಷೆ ಮಾಡುವ ಪ್ರಸಂಗ ಬರಲಿಲ್ಲ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಸಂಜೆ ಹೋದರೆ ತಳ್ಳುಗಾಡಿಗಳ ನಡುವೆ ಮೀನಿನ ಚೀಲ ಎದೆಗೆ ಅಪ್ಪಿಕೊಂಡು ನಡೆಯಬೇಕು. ಐದರಲ್ಲಿ ನಾಲ್ಕು ಕೊಡ್ತೀನಿ. ಆ ಏಳು ಫೋನ್ ಎತ್ತಿದ್ದರೆ ನಾಲ್ಕೂವರೆ.

ಹೋದ ವಾರ ಮಗ ಬಂದಿದ್ದ. ಟ್ಯಾಂಕ್ ಮುಂದೆ ಕುರ್ಚಿ ಹಾಕಿಕೊಂಡು ಒಂದು ಗಂಟೆ ಕೂತ. ಫಾಕ್ಸ್‌ಫೇಸ್ ನೋರಿ ಹರಿಯೋದು, ಹಾವುಮೀನು ಬಾಯಿ ತೆರೆದು ಮುಚ್ಚಿ ಉಸಿರಾಡೋದು, ಪೈಲ್ವಾನ್ ಇಬ್ಬರ ಮೇಲೂ ಕಣ್ಣಿಟ್ಟು ರೌಂಡ್ ಹೊಡೆಯೋದು. "ಅಮ್ಮಾ, ಇನ್ನೊಂದು ಹಾಕಬಹುದು, ಜಾಗ ಇದೆ" ಅಂದ. ನನಗೂ ಹಾಗೇ ಅನ್ನಿಸಿತು. ಇಬ್ಬರೂ ಸಂಜೆ ಗಲ್ಲಿಗೆ ಹೋದೆವು. ಪರದೆ ಹಿಂದೆ ಒಂದು ಹಾರ್ಲೆಕ್ವಿನ್ ಟಸ್ಕ್‌ಫಿಶ್ ಬಂದಿತ್ತು. ಕಿತ್ತಳೆ ಪಟ್ಟೆ, ನೀಲಿ ಹಲ್ಲು. ಮಗ ಬಾಯಿ ತೆರೆದು ನಿಂತ.

ಭಾಯಿ ಅವನನ್ನು ನೋಡಿದರು, ನನ್ನನ್ನು ನೋಡಿದರು.

"ಮನಿ ತುಂಬ್ಯದ್ರಿ ಅಕ್ಕಾ. ಉಪ್ಪು ಬೇಕೇನು?"

ಎರಡು ಪ್ಯಾಕೆಟ್ ಉಪ್ಪು ತಗೊಂಡು ಬಂದೆವು.